ಹಳೆಯ ಪಿಕಪ್ ಟ್ರಕ್ಕುಗಳ ಚಾಸಿ ಬದಲಾವಣೆ

ಚಾಸಿ ಬದಲಾವಣೆ ಎಂದರೆ ತುಕ್ಕು ಹಿಡಿದು ಬಲಗುಂದಿದ ಹಳೆಯ ವಾಹನದ ಕ್ಯಾಬ್ ಮತ್ತು ಹೊರಮೈಯನ್ನು ಅದರ ಮೂಲ ಚಾಸಿಯಿಂದ ಬಿಡಿಸಿ, ಬೇರೊಂದು ವಾಹನದ ಗಟ್ಟಿಮುಟ್ಟಾದ ಚಾಸಿಯ ಮೇಲೆ ಕೂರಿಸುವ ಪುನರುಜ್ಜೀವನ ವಿಧಾನ. ಚಾಸಿಯನ್ನು ಒದಗಿಸುವ ವಾಹನವನ್ನು ದಾನಿ ವಾಹನ ಎಂದು ಕರೆಯಲಾಗುತ್ತದೆ. ಈ ವಿಧಾನವು ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳಲ್ಲಿ, 1940ರಿಂದ 1970ರ ದಶಕಗಳ ಪಿಕಪ್ ಟ್ರಕ್ಕುಗಳ ವಿಷಯದಲ್ಲಿ ಬಳಕೆಯಲ್ಲಿದೆ. ಚಾಸಿಯೊಂದಿಗೆ ದಾನಿ ವಾಹನದ ಸಸ್ಪೆನ್ಷನ್, ಸ್ಟೀರಿಂಗ್, ಬ್ರೇಕು ಮತ್ತು ಹಲವು ಬಾರಿ ಎಂಜಿನ್ನೂ ಬರುವುದರಿಂದ, ಹಳೆಯ ರೂಪದ ವಾಹನವು ನಂತರದ ಕಾಲದ ವಾಹನದಂತೆ ಓಡುವ ಸಾಮರ್ಥ್ಯ ಪಡೆಯುತ್ತದೆ. ಆದರೆ ಹಲವು ದೇಶಗಳ ಕಾನೂನಿನಲ್ಲಿ ವಾಹನದ ಗುರುತು ಚಾಸಿಗೇ ಅಂಟಿಕೊಂಡಿರುತ್ತದೆ. ಆದ್ದರಿಂದ ಈ ಕೆಲಸವು ತಾಂತ್ರಿಕ ಪ್ರಶ್ನೆಗಳ ಜೊತೆಗೆ ನೋಂದಣಿಯ ಪ್ರಶ್ನೆಗಳನ್ನೂ ಎಬ್ಬಿಸುತ್ತದೆ.

ಹಿನ್ನೆಲೆ

ಮೋಟಾರು ವಾಹನಗಳ ರಚನೆಯಲ್ಲಿ ಎರಡು ಮುಖ್ಯ ಪದ್ಧತಿಗಳಿವೆ. ಮೊದಲನೆಯದರಲ್ಲಿ ಉಕ್ಕಿನ ಚೌಕಟ್ಟೊಂದು ಎಂಜಿನ್, ಅಚ್ಚುಗಳು ಮತ್ತು ಸರಕಿನ ಭಾರವನ್ನೆಲ್ಲ ಹೊರುತ್ತದೆ. ಹೊರಮೈಯನ್ನು ಪ್ರತ್ಯೇಕವಾಗಿ ತಯಾರಿಸಿ ಅದರ ಮೇಲೆ ಬೋಲ್ಟುಗಳಿಂದ ಬಿಗಿಯಲಾಗುತ್ತದೆ. ಎರಡನೆಯದರಲ್ಲಿ ಚೌಕಟ್ಟು ಮತ್ತು ಹೊರಮೈ ಬೆಸುಗೆಯಿಂದ ಒಂದೇ ಘಟಕವಾಗಿರುತ್ತವೆ. ಇಂದಿನ ಬಹುತೇಕ ಕಾರುಗಳು ಎರಡನೆಯ ಬಗೆಯವು. ಲಾರಿ, ಬಸ್ಸು, ಜೀಪು ಮತ್ತು ಬಹುತೇಕ ಪಿಕಪ್ ಟ್ರಕ್ಕುಗಳು ಮೊದಲನೆಯ ಬಗೆಯವು. ಭಾರತದ ಹೆದ್ದಾರಿಗಳಲ್ಲಿ, ಬಾಡಿ ಕಟ್ಟದ ಬರಿಯ ಲಾರಿ ಚಾಸಿಗಳನ್ನು ಕಾರ್ಖಾನೆಯಿಂದ ಬೇರೆ ಊರುಗಳಿಗೆ ಓಡಿಸಿಕೊಂಡು ಹೋಗುವ ದೃಶ್ಯ ಬಹುಕಾಲ ಸಾಮಾನ್ಯವಾಗಿತ್ತು. ಚಾಸಿ ಮತ್ತು ಬಾಡಿ ಎರಡೂ ಬೇರೆ ಬೇರೆ ಎಂಬುದಕ್ಕೆ ಇದು ಸುಲಭವಾದ ನಿದರ್ಶನ. ಈ ಪ್ರತ್ಯೇಕತೆ ಇರುವುದರಿಂದಲೇ ಚಾಸಿ ಬದಲಾವಣೆ ಸಾಧ್ಯವಾಗುತ್ತದೆ.

ಪಿಕಪ್ ಟ್ರಕ್ಕುಗಳಲ್ಲಿ ಬಳಸುವ ಚಾಸಿಯನ್ನು ಅದರ ಆಕಾರದಿಂದಾಗಿ ಏಣಿ ಚಾಸಿ ಎನ್ನುತ್ತಾರೆ. ವಾಹನದ ಉದ್ದಕ್ಕೂ ಸಾಗುವ ಎರಡು ಉದ್ದತೊಲೆಗಳು ಏಣಿಯ ಕಾಲುಗಳಂತೆಯೂ, ಅವನ್ನು ಜೋಡಿಸುವ ಅಡ್ಡತೊಲೆಗಳು ಏಣಿಯ ಮೆಟ್ಟಿಲುಗಳಂತೆಯೂ ಇರುತ್ತವೆ. ಹಳೆಯ ಟ್ರಕ್ಕುಗಳಲ್ಲಿ ಉದ್ದತೊಲೆಗಳು ಒಂದು ಬದಿ ತೆರೆದ ದೋಣಿಯಾಕಾರದ ಪಟ್ಟಿಗಳಾಗಿದ್ದು, ಅಡ್ಡತೊಲೆಗಳನ್ನು ರಿವೆಟ್ಟುಗಳಿಂದ ಜೋಡಿಸಲಾಗುತ್ತಿತ್ತು. ನಂತರದ ವಾಹನಗಳಲ್ಲಿ ನಾಲ್ಕೂ ಬದಿ ಮುಚ್ಚಿದ ಪೆಟ್ಟಿಗೆಯಾಕಾರದ ತೊಲೆಗಳು ಹೆಚ್ಚಾದವು. ಮುಚ್ಚಿದ ತೊಲೆ ತಿರುಚುವಿಕೆಗೆ ಹೆಚ್ಚು ಪ್ರತಿರೋಧ ಒಡ್ಡುತ್ತದೆ. ಆದರೆ ಅದರ ಒಳಗೆ ಸೇರಿದ ಕೆಸರು ಮತ್ತು ನೀರು ಹೊರಹೋಗಲು ದಾರಿ ಕಡಿಮೆ. ಒಳಗಿನಿಂದ ಹುಟ್ಟುವ ತುಕ್ಕು ಹೊರಗಿನಿಂದ ಕಾಣುವುದೂ ಇಲ್ಲ.

ತುಕ್ಕು ಮತ್ತು ಅದರ ಪರಿಣಾಮ

ಕಬ್ಬಿಣವು ನೀರು ಮತ್ತು ಆಮ್ಲಜನಕದೊಂದಿಗೆ ವರ್ತಿಸಿದಾಗ ಜಲಯುಕ್ತ ಕಬ್ಬಿಣದ ಆಕ್ಸೈಡ್, ಅಂದರೆ ತುಕ್ಕು, ಉಂಟಾಗುತ್ತದೆ. ಇದು ವಿದ್ಯುದ್ರಾಸಾಯನಿಕ ಕ್ರಿಯೆ. ನೀರಿನಲ್ಲಿ ಉಪ್ಪು ಕರಗಿದ್ದರೆ ಅದರ ವಿದ್ಯುದ್ವಾಹಕತೆ ಹೆಚ್ಚುವುದರಿಂದ ಕ್ರಿಯೆಯ ವೇಗವೂ ಹೆಚ್ಚುತ್ತದೆ. ತುಕ್ಕು ತಾನು ಹುಟ್ಟಿದ ಲೋಹಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಆದ್ದರಿಂದ ಎರಡು ತಗಡುಗಳ ನಡುವೆ ಹುಟ್ಟಿದ ತುಕ್ಕು ಅವನ್ನು ಬೆಣೆಯಂತೆ ಅಗಲಿಸಿ, ರಿವೆಟ್ಟು ಮತ್ತು ಬೆಸುಗೆಗಳನ್ನು ಸಡಿಲಗೊಳಿಸುತ್ತದೆ. ಅಲ್ಯುಮಿನಿಯಂ ಆಕ್ಸೈಡಿನಂತೆ ಇದು ಲೋಹಕ್ಕೆ ಅಂಟಿಕೊಂಡು ರಕ್ಷಣೆ ನೀಡುವುದಿಲ್ಲ. ಪದರಪದರವಾಗಿ ಉದುರಿ ಹೊಸ ಲೋಹವನ್ನು ಗಾಳಿಗೆ ಒಡ್ಡುತ್ತದೆ.

ಉತ್ತರ ಅಮೆರಿಕದಲ್ಲಿ ಚಳಿಗಾಲದ ಹಿಮವನ್ನು ಕರಗಿಸಲು ರಸ್ತೆಗಳಿಗೆ ಉಪ್ಪು ಎರಚುವ ಪದ್ಧತಿಯಿದೆ. ಅಮೆರಿಕದ ರಾಜ್ಯಗಳಲ್ಲಿ ನ್ಯೂ ಹ್ಯಾಂಪ್‌ಶೈರ್ 1938ರಲ್ಲಿ ಇದನ್ನು ಪ್ರಾಯೋಗಿಕವಾಗಿ ಮೊದಲು ಆರಂಭಿಸಿತು. ಎರಡನೆಯ ಮಹಾಯುದ್ಧದ ನಂತರ ಪದ್ಧತಿ ವ್ಯಾಪಕವಾಯಿತು. ಉಪ್ಪು ಹೆಚ್ಚಾಗಿ ಬಳಕೆಯಾಗುವ ಈಶಾನ್ಯ ಮತ್ತು ಮಹಾಸರೋವರಗಳ ಸುತ್ತಲಿನ ರಾಜ್ಯಗಳನ್ನು ‘ಉಪ್ಪಿನ ಪಟ್ಟಿ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಇಲ್ಲಿ ಓಡಿದ ಹಳೆಯ ಟ್ರಕ್ಕುಗಳು ಹೊರಗೆ ನೋಡಲು ಚೆನ್ನಾಗಿದ್ದರೂ ಅಡಿಯಲ್ಲಿ ಚಾಸಿ ಕೈಯಿಂದ ಮುರಿಯುವಷ್ಟು ಸವೆದಿರಬಹುದು. ಅರಿಜೋನಾ, ನ್ಯೂ ಮೆಕ್ಸಿಕೊದಂತಹ ಒಣಹವೆಯ ರಾಜ್ಯಗಳಲ್ಲಿ ಸ್ಥಿತಿ ಇದಕ್ಕೆ ವಿರುದ್ಧ: ಅಲ್ಲಿ ಬಿಸಿಲಿಗೆ ಬಣ್ಣ ಮಾಸಿ, ಆಸನ ಮತ್ತು ರಬ್ಬರು ಒಡೆದಿದ್ದರೂ ಲೋಹ ಬಹುಪಾಲು ಗಟ್ಟಿಯಾಗಿರುತ್ತದೆ. ದಾನಿ ಚಾಸಿಗಳನ್ನು ಒಣ ಪ್ರದೇಶಗಳಿಂದ ತರಿಸುವುದಕ್ಕೆ ಇದೇ ಕಾರಣ.

ಚಾಸಿಯಲ್ಲಿ ತುಕ್ಕು ಮೊದಲು ಹಿಡಿಯುವುದು ಕೆಸರು ನಿಲ್ಲುವ ಕಡೆಗಳಲ್ಲಿ. ಹಿಂದಿನ ಸ್ಪ್ರಿಂಗುಗಳ ಕೊಂಡಿಗಳು, ಕ್ಯಾಬನ್ನು ಹೊರುವ ಬ್ರ್ಯಾಕೆಟ್ಟುಗಳು, ಹಿಂದಿನ ಅಚ್ಚಿನ ಮೇಲೆ ತೊಲೆ ಬಾಗುವ ಜಾಗ ಮತ್ತು ಎರಡು ಲೋಹದ ಪದರಗಳು ಒಂದರ ಮೇಲೊಂದು ಬರುವ ಕಡೆಗಳು ಇವುಗಳಲ್ಲಿ ಮುಖ್ಯವಾದವು. ಸ್ಪ್ರಿಂಗಿನ ಕೊಂಡಿ ಕಳಚಿದರೆ ಓಡುತ್ತಿರುವ ವಾಹನದ ಹಿಂದಿನ ಅಚ್ಚು ಓರೆಯಾಗಿ, ಚಾಲಕನ ಹಿಡಿತ ತಪ್ಪಬಹುದು. ಹೊರಮೈಯ ತುಕ್ಕು ಅಂದಗೇಡು ಮಾತ್ರ. ಚಾಸಿಯ ತುಕ್ಕು ಪ್ರಾಣಾಪಾಯಕ್ಕೆ ಕಾರಣವಾಗಬಲ್ಲದು.

ಪರ್ಯಾಯ ವಿಧಾನಗಳು

ಚಾಸಿ ಹಾಳಾದ ವಾಹನವನ್ನು ಉಳಿಸಿಕೊಳ್ಳಲು ನಾಲ್ಕು ದಾರಿಗಳಿವೆ.

ತೇಪೆ ಹಾಕುವುದು: ಹಾಳಾದ ಭಾಗವನ್ನು ಮಾತ್ರ ಕತ್ತರಿಸಿ, ಅದೇ ದಪ್ಪದ ಉಕ್ಕನ್ನು ಬೆಸೆಯುವುದು. ತುಕ್ಕು ಒಂದೆರಡು ಕಡೆಗಳಿಗೆ ಸೀಮಿತವಾಗಿದ್ದಾಗ ಇದು ಸೂಕ್ತ. ಸುತ್ತಲಿನ ಲೋಹ ತೆಳುವಾಗಿದ್ದರೆ ಬೆಸುಗೆ ನಿಲ್ಲುವುದಿಲ್ಲ.

ಅದೇ ಮಾದರಿಯ ಚಾಸಿ ಬಳಸುವುದು: ಅದೇ ತಯಾರಿಕೆಯ, ಅದೇ ಕಾಲದ ಇನ್ನೊಂದು ಟ್ರಕ್ಕಿನ ಚಾಸಿಯನ್ನು ಹಾಕುವುದು. ಎಲ್ಲ ರಂಧ್ರಗಳೂ ತಮ್ಮ ಜಾಗದಲ್ಲೇ ಇರುವುದರಿಂದ ಕೆಲಸ ಸುಲಭ, ಮೂಲ ಸ್ವರೂಪಕ್ಕೂ ಧಕ್ಕೆಯಿಲ್ಲ. ಆದರೆ ಅಷ್ಟೇ ಹಳೆಯದಾದ ಒಳ್ಳೆಯ ಚಾಸಿ ದೊರೆಯುವುದು ಅಪರೂಪ.

ಮುಂಭಾಗ ಮಾತ್ರ ಬದಲಿಸುವುದು: ಮೂಲ ಚಾಸಿಯನ್ನು ಉಳಿಸಿಕೊಂಡು, ಮುಂದಿನ ಸಸ್ಪೆನ್ಷನ್ ಮತ್ತು ಸ್ಟೀರಿಂಗನ್ನು ಮಾತ್ರ ಬೇರೆ ವಾಹನದಿಂದ ತಂದು ಜೋಡಿಸುವುದು. ಚಾಸಿ ಗಟ್ಟಿಯಾಗಿದ್ದು ಓಟದ ಗುಣ ಮಾತ್ರ ಸುಧಾರಿಸಬೇಕಾದಾಗ ಈ ದಾರಿಯನ್ನು ಆಯ್ದುಕೊಳ್ಳಲಾಗುತ್ತದೆ.

ಪೂರ್ಣ ಚಾಸಿ ಬದಲಾವಣೆ: ಬೇರೆ ಮಾದರಿಯ ವಾಹನದ ಇಡೀ ಚಾಸಿಯನ್ನು ಬಳಸುವುದು. ಈ ಲೇಖನದ ಮುಖ್ಯ ವಿಷಯ ಇದೇ. ಹಳೆಯ ಟ್ರಕ್ಕುಗಳಿಗೆಂದೇ ಹೊಸದಾಗಿ ತಯಾರಿಸಿದ ಚಾಸಿಗಳೂ ಮಾರುಕಟ್ಟೆಯಲ್ಲಿವೆ. ಅವುಗಳ ಬೆಲೆ ಗುಜರಿಯಿಂದ ತಂದ ದಾನಿ ವಾಹನದ ಬೆಲೆಗಿಂತ ಬಹಳ ಹೆಚ್ಚು.

ದಾನಿ ವಾಹನದ ಆಯ್ಕೆ

ದಾನಿಯನ್ನು ಆರಿಸುವಾಗ ಮೊದಲು ನೋಡುವ ಅಳತೆ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಗಾಲಿಗಳ ಕೇಂದ್ರಗಳ ನಡುವಿನ ಅಂತರ. ಇದು ಹೊಂದದಿದ್ದರೆ ಗಾಲಿಗಳು ಮಡ್‌ಗಾರ್ಡಿನ ಕಮಾನುಗಳ ನಡುವೆ ಬರುವುದಿಲ್ಲ. ಎರಡನೆಯದು ಎಡ ಮತ್ತು ಬಲ ಗಾಲಿಗಳ ನಡುವಿನ ಅಗಲ. ಮೂರನೆಯದು ಉದ್ದತೊಲೆಗಳ ನಡುವಿನ ಅಗಲ ಮತ್ತು ಅವುಗಳ ಏರಿಳಿತ. ಹಳೆಯ ಟ್ರಕ್ಕಿನ ಚಾಸಿ ಬಹುಮಟ್ಟಿಗೆ ಸಮತಟ್ಟಾಗಿರುತ್ತದೆ. ಹೊಸ ವಾಹನದ ಚಾಸಿ ಅಚ್ಚುಗಳ ಮೇಲೆ ಎತ್ತರಕ್ಕೆ ಬಾಗಿ, ನಡುವೆ ತಗ್ಗಿರುತ್ತದೆ. ಈ ಬಾಗು ಸರಕು ತೊಟ್ಟಿಯ ಅಡಿಪಾಯಕ್ಕೆ ತಗುಲಿದರೆ ತೊಟ್ಟಿಯ ನೆಲವನ್ನು ಮೇಲಕ್ಕೆ ಏರಿಸಬೇಕಾಗುತ್ತದೆ.

ಈ ಕೆಲಸದಲ್ಲಿ ಪದೇಪದೇ ಕಾಣುವ ಒಂದು ಜೋಡಿ ಷೆವ್ರೊಲೆಯ ‘ಅಡ್ವಾನ್ಸ್ ಡಿಸೈನ್’ ಟ್ರಕ್ಕು ಮತ್ತು ಅದೇ ತಯಾರಕರ ಎಸ್-10 ಪಿಕಪ್. ಅಡ್ವಾನ್ಸ್ ಡಿಸೈನ್ ಮಾಲಿಕೆಯು 1947ರ ಮಧ್ಯದಿಂದ 1955ರ ಆರಂಭದವರೆಗೆ ತಯಾರಾಯಿತು. ಇದರ ಅರ್ಧ ಟನ್ ಮಾದರಿಯಾದ 3100ರ ವೀಲ್‌ಬೇಸ್ 116 ಅಂಗುಲ, ಅಂದರೆ ಸುಮಾರು 2946 ಮಿಲಿಮೀಟರ್. 1982ರ ಮಾದರಿ ವರ್ಷದಲ್ಲಿ ಮಾರುಕಟ್ಟೆಗೆ ಬಂದು 2004ರವರೆಗೆ ತಯಾರಾದ ಎಸ್-10 ಮೂರು ಉದ್ದಗಳಲ್ಲಿ ದೊರೆಯುತ್ತಿತ್ತು. ಚಿಕ್ಕ ತೊಟ್ಟಿಯ ಮಾದರಿಯ ವೀಲ್‌ಬೇಸ್ 108.3 ಅಂಗುಲ, ಉದ್ದ ತೊಟ್ಟಿಯದು 117.9 ಅಂಗುಲ, ವಿಸ್ತರಿಸಿದ ಕ್ಯಾಬಿನದು 122.9 ಅಂಗುಲ. ಉದ್ದ ತೊಟ್ಟಿಯ ಎಸ್-10 ಚಾಸಿಗೂ 3100ಕ್ಕೂ ಇರುವ ವ್ಯತ್ಯಾಸ ಎರಡು ಅಂಗುಲಕ್ಕಿಂತ ಕಡಿಮೆ. ಹಿಂದಿನ ಸ್ಪ್ರಿಂಗಿನ ಕೊಂಡಿಗಳನ್ನು ಮುಂದಕ್ಕೆ ಸರಿಸಿ ಇದನ್ನು ಸರಿದೂಗಿಸಬಹುದು. ವಿಸ್ತರಿಸಿದ ಕ್ಯಾಬಿನ ಚಾಸಿಯನ್ನು ಬಳಸಿದರೆ ಸುಮಾರು ಏಳು ಅಂಗುಲ ಮೊಟಕುಗೊಳಿಸಬೇಕು. ಚಿಕ್ಕ ಚಾಸಿಯನ್ನು ಸುಮಾರು ಎಂಟು ಅಂಗುಲ ಹಿಗ್ಗಿಸಬೇಕು.

ಈ ಬದಲಾವಣೆಯಿಂದ ಆಗುವ ಲಾಭ ಸ್ಪಷ್ಟ. ಮೂಲ 3100ರ ಮುಂದಿನ ಗಾಲಿಗಳು ಒಂದೇ ಗಟ್ಟಿ ಅಚ್ಚಿಗೆ ಜೋಡಣೆಯಾಗಿದ್ದು, ಉಕ್ಕಿನ ಪಟ್ಟಿಗಳ ಕಟ್ಟಿನಂತಿರುವ ಲೀಫ್ ಸ್ಪ್ರಿಂಗುಗಳ ಮೇಲೆ ಕುಳಿತಿರುತ್ತವೆ. ಒಂದು ಗಾಲಿ ಗುಂಡಿಗೆ ಇಳಿದರೆ ಇನ್ನೊಂದೂ ಓಲಾಡುತ್ತದೆ. ನಾಲ್ಕೂ ಗಾಲಿಗಳಿಗೆ ಡ್ರಮ್ ಬ್ರೇಕುಗಳಿವೆ. ಎಸ್-10ರಲ್ಲಿ ಮುಂದಿನ ಎರಡು ಗಾಲಿಗಳೂ ಸ್ವತಂತ್ರವಾಗಿ ಚಲಿಸುತ್ತವೆ. ಮುಂದೆ ಡಿಸ್ಕ್ ಬ್ರೇಕುಗಳಿವೆ. ಪವರ್ ಸ್ಟೀರಿಂಗ್ ಅಳವಡಿಕೆಯೂ ಸುಲಭ. ಬಿಡಿಭಾಗಗಳು ಸಾಮಾನ್ಯ ಅಂಗಡಿಗಳಲ್ಲೇ ಸಿಗುತ್ತವೆ. ಕೊರತೆಯೆಂದರೆ ಎಸ್-10 ಕಿರಿದಾದ ವಾಹನ. ಹಳೆಯ ಟ್ರಕ್ಕಿನ ಅಗಲವಾದ ಮಡ್‌ಗಾರ್ಡುಗಳ ಅಡಿಯಲ್ಲಿ ಅದರ ಗಾಲಿಗಳು ಒಳಗೆ ಸರಿದಂತೆ ಕಾಣುವುದರಿಂದ, ಬೇರೆ ಬಗೆಯ ರಿಮ್‌ಗಳನ್ನು ಅಥವಾ ಅಂತರ ತುಂಬುವ ಬಿಲ್ಲೆಗಳನ್ನು ಹಾಕಲಾಗುತ್ತದೆ.

ಫೋರ್ಡ್ ಟ್ರಕ್ಕುಗಳ ವಿಷಯದಲ್ಲಿ ಜನಪ್ರಿಯ ದಾನಿ ಎಂದರೆ ಕ್ರೌನ್ ವಿಕ್ಟೋರಿಯಾ ಕಾರು. ಅಮೆರಿಕದ ಪೊಲೀಸ್ ಮತ್ತು ಟ್ಯಾಕ್ಸಿ ಸೇವೆಗಳಲ್ಲಿ ಹೇರಳವಾಗಿ ಬಳಕೆಯಾದ ಈ ಕಾರು, 2011ರಲ್ಲಿ ತಯಾರಿಕೆ ನಿಲ್ಲುವವರೆಗೂ ಪ್ರತ್ಯೇಕ ಚಾಸಿಯನ್ನು ಉಳಿಸಿಕೊಂಡಿತ್ತು. ಇದರ ವೀಲ್‌ಬೇಸ್ 114.7 ಅಂಗುಲ. 1948ರಲ್ಲಿ ಆರಂಭವಾದ ಫೋರ್ಡ್ ಎಫ್ ಮಾಲಿಕೆಯ ಮೊದಲ ಟ್ರಕ್ಕು ಎಫ್-1ರ ವೀಲ್‌ಬೇಸ್ 114 ಅಂಗುಲ. 1953ರ ಎಫ್-100ರದು 110 ಅಂಗುಲ. 2003ರ ಮಾದರಿಯಿಂದ ಕ್ರೌನ್ ವಿಕ್ಟೋರಿಯಾದ ಮುಂದಿನ ಸಸ್ಪೆನ್ಷನ್ನನ್ನು ಬೋಲ್ಟು ಬಿಚ್ಚಿ ಇಡಿಯಾಗಿ ಹೊರತೆಗೆಯಬಹುದಾದ್ದರಿಂದ, ಎಫ್-100 ಟ್ರಕ್ಕುಗಳಿಗೆ ಇದರ ಮುಂಭಾಗವನ್ನು ಮಾತ್ರ ಜೋಡಿಸುವ ರೂಢಿಯೂ ಬೆಳೆದಿದೆ.

ಕಾರ್ಯವಿಧಾನ

ಪರೀಕ್ಷೆ ಮತ್ತು ಅಳತೆ

ಕೆಲಸದ ಮೊದಲ ಹಂತ ಎರಡೂ ವಾಹನಗಳ ಪರೀಕ್ಷೆ. ಚಿಕ್ಕ ಸುತ್ತಿಗೆಯಿಂದ ತೊಲೆಗಳ ಉದ್ದಕ್ಕೂ ತಟ್ಟಿದಾಗ ಗಟ್ಟಿ ಲೋಹ ಗಂಟೆಯಂತೆ ಕಣಕಣಿಸುತ್ತದೆ. ಸವೆದ ಲೋಹ ಮಂದ ಸದ್ದು ಮಾಡುತ್ತದೆ. ಅನುಮಾನವಿರುವ ಕಡೆ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಲಾಗುತ್ತದೆ. ದಾನಿ ಚಾಸಿಯು ಅಪಘಾತದಲ್ಲಿ ಬಾಗಿದೆಯೇ ಎಂದು ತಿಳಿಯಲು ಮೂಲೆಯಿಂದ ಮೂಲೆಗೆ ಕರ್ಣಗಳನ್ನು ಅಳೆಯುತ್ತಾರೆ. ಎರಡು ಕರ್ಣಗಳ ಅಳತೆ ಸಮನಾಗಿಲ್ಲದಿದ್ದರೆ ಚಾಸಿ ಓರೆಯಾಗಿದೆ ಎಂದರ್ಥ.

ಹಳೆಯ ವಾಹನ ಇನ್ನೂ ತನ್ನ ಗಾಲಿಗಳ ಮೇಲೆ ನಿಂತಿರುವಾಗಲೇ ಅಳತೆಗಳನ್ನು ಬರೆದಿಟ್ಟುಕೊಳ್ಳುವುದು ಅತ್ಯಗತ್ಯ. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಮುಂದಿನ ಗಾಲಿಯ ಕೇಂದ್ರದಿಂದ ಎಂಜಿನ್ ಮತ್ತು ಕ್ಯಾಬಿನ ನಡುವಿನ ತಗಡಿನ ಗೋಡೆಯವರೆಗೆ, ಬಾಗಿಲಿನ ಕಂಬದವರೆಗೆ, ತೊಟ್ಟಿಯ ಮುಂದಿನ ಅಂಚಿನವರೆಗೆ ಇರುವ ದೂರಗಳನ್ನು ಓಳಂಬ ಇಳಿಬಿಟ್ಟು ನೆಲದ ಮೇಲೆ ಗುರುತಿಸಲಾಗುತ್ತದೆ. ನೆಲದಿಂದ ಕ್ಯಾಬಿನ ಅಡಿಯವರೆಗಿನ ಎತ್ತರವನ್ನೂ ಬರೆದಿಡಲಾಗುತ್ತದೆ. ಒಮ್ಮೆ ಭಾಗಗಳನ್ನು ಬಿಚ್ಚಿದ ಮೇಲೆ ಈ ಅಳತೆಗಳನ್ನು ಮರಳಿ ಪಡೆಯುವ ದಾರಿಯಿಲ್ಲ.

ಬಿಡಿಸುವಿಕೆ

ಬ್ಯಾಟರಿಯನ್ನು ಕಳಚಿ, ಇಂಧನ ಟ್ಯಾಂಕನ್ನು ಬರಿದುಮಾಡಿ ಹೊರತೆಗೆಯುವುದರಿಂದ ಕೆಲಸ ಆರಂಭವಾಗುತ್ತದೆ. ನಂತರ ಸರಕು ತೊಟ್ಟಿ, ಬಾನೆಟ್, ಮುಂದಿನ ಮಡ್‌ಗಾರ್ಡುಗಳು ಮತ್ತು ರೇಡಿಯೇಟರನ್ನು ಕಳಚಲಾಗುತ್ತದೆ. ಕ್ಯಾಬನ್ನು ಕೊನೆಯಲ್ಲಿ ಎತ್ತಲಾಗುತ್ತದೆ. ದಶಕಗಳ ತುಕ್ಕಿನಿಂದ ಹಿಡಿದುಕೊಂಡ ಬೋಲ್ಟುಗಳಿಗೆ ಒಳಸೇರುವ ಎಣ್ಣೆಯನ್ನು ಹಲವು ದಿನ ಬಿಡುತ್ತಾರೆ. ಆಗಲೂ ಬಿಡದಿದ್ದರೆ ಕಾಯಿಸಿ ಅಥವಾ ಕತ್ತರಿಸಿ ತೆಗೆಯುತ್ತಾರೆ. ಪ್ರತಿ ವೈರು ಮತ್ತು ಕೊಳವೆಗೆ ಚೀಟಿ ಅಂಟಿಸುವುದು, ಬೋಲ್ಟುಗಳನ್ನು ಭಾಗವಾರು ಡಬ್ಬಿಗಳಲ್ಲಿ ಇಡುವುದು ರೂಢಿ.

ಕ್ಯಾಬಿನ ನೆಲ ಮತ್ತು ಬಾಗಿಲ ಕೆಳಗಿನ ಪಟ್ಟಿಗಳು ತುಕ್ಕು ಹಿಡಿದಿದ್ದರೆ, ಎತ್ತುವ ಮೊದಲು ಬಾಗಿಲಿನ ತೆರಪಿಗೆ ಅಡ್ಡಡ್ಡಲಾಗಿ ಕಬ್ಬಿಣದ ಸರಳುಗಳನ್ನು ತಾತ್ಕಾಲಿಕವಾಗಿ ಬೆಸೆಯಬೇಕು. ಇದನ್ನು ಮರೆತರೆ ಕ್ಯಾಬ್ ಎತ್ತುವಾಗ ಬಾಗುತ್ತದೆ. ಮುಂದೆ ಬಾಗಿಲುಗಳು ಸರಿಯಾಗಿ ಮುಚ್ಚುವುದಿಲ್ಲ. ನೆಲದ ತಗಡನ್ನು ಕತ್ತರಿಸಿ ಹೊಸದನ್ನು ಹಾಕುವ ಕೆಲಸವನ್ನೂ ಈ ಸರಳುಗಳು ಇರುವಾಗಲೇ ಮುಗಿಸಲಾಗುತ್ತದೆ.

ದಾನಿ ಚಾಸಿಯ ಸಿದ್ಧತೆ

ದಾನಿ ವಾಹನದ ಹೊರಮೈಯನ್ನು ತೆಗೆದ ನಂತರ ಚಾಸಿಯನ್ನು ಮರಳು ಅಥವಾ ಲೋಹದ ಹರಳುಗಳ ಜೋರಾದ ಎರಚಿನಿಂದ ಶುದ್ಧಗೊಳಿಸಲಾಗುತ್ತದೆ. ಆಗ ಹಳೆಯ ಬಣ್ಣದಡಿ ಅಡಗಿದ ಬಿರುಕುಗಳು ಕಾಣಿಸುತ್ತವೆ. ಉದ್ದ ಬದಲಿಸಬೇಕಿದ್ದರೆ ಈ ಹಂತದಲ್ಲೇ ಬದಲಿಸಬೇಕು. ತೊಲೆಯನ್ನು ನೇರವಾಗಿ ಅಡ್ಡ ಕತ್ತರಿಸಿ ಅಂಚಿಗೆ ಅಂಚು ಬೆಸೆದರೆ, ಬಾಗುವ ಒತ್ತಡವೆಲ್ಲ ಒಂದೇ ಗೆರೆಯ ಮೇಲೆ ಬೀಳುತ್ತದೆ. ಆದ್ದರಿಂದ ಓರೆಯಾಗಿ ಅಥವಾ ಮೆಟ್ಟಿಲಾಕಾರದಲ್ಲಿ ಕತ್ತರಿಸಿ, ಬೆಸುಗೆಯ ಉದ್ದವನ್ನು ಹೆಚ್ಚಿಸಿ, ಒಳಬದಿಯಿಂದ ಬಲಪಟ್ಟಿಯನ್ನು ಸೇರಿಸಲಾಗುತ್ತದೆ. ಕತ್ತರಿಸುವ ಮೊದಲು ಎರಡೂ ತೊಲೆಗಳನ್ನು ಗಟ್ಟಿಯಾದ ಆಸರೆಗೆ ಬಿಗಿಯದಿದ್ದರೆ ಚಾಸಿ ತಿರುಚಿಕೊಳ್ಳುತ್ತದೆ. ಭಾರಿ ಲಾರಿಗಳ ಕೆಲವು ಚಾಸಿಗಳು ಶಾಖ ಸಂಸ್ಕಾರದಿಂದ ಬಲ ಪಡೆದ ಉಕ್ಕಿನವು. ಬೆಸುಗೆಯ ಶಾಖಕ್ಕೆ ಅವು ಆ ಬಲವನ್ನು ಕಳೆದುಕೊಳ್ಳುವುದರಿಂದ ಅಂತಹವನ್ನು ಬೆಸೆಯಬಾರದು.

ಬೆಸುಗೆಯ ನಂತರ ಎಪಾಕ್ಸಿ ಪ್ರೈಮರ್ ಮತ್ತು ಬಣ್ಣ ಹಚ್ಚಿ, ಮುಚ್ಚಿದ ತೊಲೆಗಳ ಒಳಗೆ ತುಕ್ಕುನಿರೋಧಕ ಮೇಣವನ್ನು ಸಿಂಪಡಿಸಲಾಗುತ್ತದೆ. ನೀರು ಹೊರಹೋಗುವ ರಂಧ್ರಗಳನ್ನು ಮುಚ್ಚದೆ ಬಿಡುವುದು ಇಲ್ಲಿ ಮುಖ್ಯ.

ಕ್ಯಾಬ್ ಕೂರಿಸುವಿಕೆ

ಚಾಸಿಯನ್ನು ಸ್ಟ್ಯಾಂಡುಗಳ ಮೇಲೆ, ವಾಹನ ಓಡುವಾಗ ಇರುವ ಎತ್ತರ ಮತ್ತು ಓರೆಗೆ ಸರಿಯಾಗಿ ನಿಲ್ಲಿಸಿ, ಕ್ಯಾಬನ್ನು ಅದರ ಮೇಲೆ ತಾತ್ಕಾಲಿಕವಾಗಿ ಇಳಿಸಲಾಗುತ್ತದೆ. ಮೊದಲೇ ಬರೆದಿಟ್ಟ ಅಳತೆಗಳ ಪ್ರಕಾರ ಅದನ್ನು ಸರಿಸಿ, ರಸಮಟ್ಟದಿಂದ ಪರೀಕ್ಷಿಸಿ, ಮುಂದಿನ ಮಡ್‌ಗಾರ್ಡುಗಳನ್ನೂ ತೊಟ್ಟಿಯನ್ನೂ ಇಟ್ಟು ಗಾಲಿಗಳು ಕಮಾನಿನ ನಡುವೆ ಬಂದಿವೆಯೇ ಎಂದು ನೋಡುತ್ತಾರೆ. ಎಲ್ಲವೂ ಸರಿಯಾದ ಮೇಲೆಯೇ ಹೊಸ ಬ್ರ್ಯಾಕೆಟ್ಟುಗಳನ್ನು ತಯಾರಿಸಿ, ಮೊದಲು ಅಲ್ಲಲ್ಲಿ ಚುಕ್ಕಿ ಬೆಸುಗೆ ಹಾಕಿ, ಮತ್ತೆ ಅಳೆದು, ಕೊನೆಗೆ ಪೂರ್ಣ ಬೆಸುಗೆ ಹಾಕಲಾಗುತ್ತದೆ.

ಕ್ಯಾಬನ್ನು ಚಾಸಿಗೆ ನೇರವಾಗಿ ಬೆಸೆಯುವುದು ದೊಡ್ಡ ತಪ್ಪು. ಏಣಿ ಚಾಸಿ ರಸ್ತೆಯ ಏರುತಗ್ಗಿಗೆ ತಕ್ಕಂತೆ ಸ್ವಲ್ಪ ಬಾಗುತ್ತದೆ, ತಿರುಚುತ್ತದೆ. ನಡುವೆ ರಬ್ಬರ್ ಬುಷ್‌ಗಳಿದ್ದರೆ ಈ ಚಲನೆ ಕ್ಯಾಬಿಗೆ ತಲುಪುವುದಿಲ್ಲ. ಅವಿಲ್ಲದಿದ್ದರೆ ಕೆಲವೇ ಕಾಲದಲ್ಲಿ ಬಾಗಿಲಿನ ಕಂಬಗಳ ಬುಡದಲ್ಲಿ ತಗಡು ಬಿರಿಯುತ್ತದೆ.

ವ್ಯವಸ್ಥೆಗಳ ಜೋಡಣೆ

ಕ್ಯಾಬ್ ಕುಳಿತ ಮೇಲೆ ಉಳಿಯುವ ಕೆಲಸವೇ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಸ್ಟೀರಿಂಗ್ ದಂಡವು ಹಳೆಯ ಕ್ಯಾಬಿನ ಕೋನದಿಂದ ಹೊಸ ಸ್ಟೀರಿಂಗ್ ಪೆಟ್ಟಿಗೆಗೆ ತಲುಪಲು ಒಂದೆರಡು ತಿರುಗು ಕೀಲುಗಳು ಬೇಕಾಗುತ್ತವೆ. ಅಪಘಾತದಲ್ಲಿ ಒಳಕ್ಕೆ ಕುಸಿಯುವ ಬಗೆಯ ದಂಡವನ್ನು ಬಳಸಿದರೆ, ಅದು ಚಾಲಕನ ಎದೆಗೆ ಚುಚ್ಚುವ ಅಪಾಯ ತಪ್ಪುತ್ತದೆ.

ಹಳೆಯ ಟ್ರಕ್ಕುಗಳಲ್ಲಿ ಬ್ರೇಕಿನ ಮಾಸ್ಟರ್ ಸಿಲಿಂಡರ್ ಕ್ಯಾಬಿನ ನೆಲದಡಿ ಇದ್ದು, ನಾಲ್ಕೂ ಗಾಲಿಗಳಿಗೆ ಒಂದೇ ಕೊಳವೆ ಜಾಲವಿರುತ್ತಿತ್ತು. ಎಲ್ಲಾದರೂ ಒಂದು ಕಡೆ ದ್ರವ ಸೋರಿದರೆ ನಾಲ್ಕೂ ಬ್ರೇಕುಗಳು ಒಟ್ಟಿಗೆ ಕೈಕೊಡುತ್ತಿದ್ದವು. ಬದಲಾವಣೆಯ ವೇಳೆ ಮುಂದಿನ ಮತ್ತು ಹಿಂದಿನ ಗಾಲಿಗಳಿಗೆ ಪ್ರತ್ಯೇಕ ಜಾಲವಿರುವ ಜೋಡಿ ಸಿಲಿಂಡರನ್ನು ಅಳವಡಿಸಲಾಗುತ್ತದೆ.

ಅಡ್ವಾನ್ಸ್ ಡಿಸೈನ್ ಟ್ರಕ್ಕುಗಳು 6 ವೋಲ್ಟ್ ವಿದ್ಯುತ್ ವ್ಯವಸ್ಥೆಯವು. ನಂತರದ ಎಂಜಿನ್ ಬಳಸಿದರೆ 12 ವೋಲ್ಟಿಗೆ ಬದಲಿಸಬೇಕು. ದೀಪಗಳು, ವೈಪರ್ ಮೋಟಾರು ಮತ್ತು ಸೂಚಕ ಮುಳ್ಳುಗಳನ್ನು ಅದಕ್ಕೆ ಹೊಂದಿಸಬೇಕು. 1949ರಿಂದ ಈ ಟ್ರಕ್ಕುಗಳ ಇಂಧನ ಟ್ಯಾಂಕು ಕ್ಯಾಬಿನೊಳಗೆ, ಆಸನದ ಬೆನ್ನಿಗೆ ಇರುತ್ತಿತ್ತು. ಸುರಕ್ಷತೆಯ ದೃಷ್ಟಿಯಿಂದ ಅದನ್ನು ಹಿಂದಿನ ಉದ್ದತೊಲೆಗಳ ನಡುವೆ ಸ್ಥಳಾಂತರಿಸುವುದು ವಾಡಿಕೆ.

ಎಲ್ಲ ಮುಗಿದ ಮೇಲೆ ಗಾಲಿಗಳ ಅಲೈನ್‌ಮೆಂಟ್ ಮಾಡಿಸಿ, ಜನಸಂಚಾರವಿಲ್ಲದ ಜಾಗದಲ್ಲಿ ನಿಧಾನವಾಗಿ ಓಡಿಸಿ ಬ್ರೇಕನ್ನು ಪರೀಕ್ಷಿಸಲಾಗುತ್ತದೆ. ಕೆಲವು ನೂರು ಕಿಲೋಮೀಟರುಗಳ ನಂತರ ಎಲ್ಲ ಬೋಲ್ಟುಗಳನ್ನೂ ಮತ್ತೆ ಬಿಗಿಯುವುದು ಅಗತ್ಯ.

ಸುರಕ್ಷತೆ

ಜಾಕಿಯ ಮೇಲೆ ಮಾತ್ರ ನಿಂತ ವಾಹನದ ಅಡಿಗೆ ಹೋಗಬಾರದು. ಭಾರವನ್ನು ಯಾವಾಗಲೂ ಸ್ಟ್ಯಾಂಡುಗಳ ಮೇಲೆ ಇಳಿಸಿರಬೇಕು. ಖಾಲಿಯಾದ ಇಂಧನ ಟ್ಯಾಂಕಿನಲ್ಲಿ ಉಳಿದ ಆವಿಯು ದ್ರವ ಇಂಧನಕ್ಕಿಂತಲೂ ಸುಲಭವಾಗಿ ಸ್ಫೋಟಿಸಬಲ್ಲದು, ಆದ್ದರಿಂದ ಅದರ ಬಳಿ ಬೆಸುಗೆ ಅಥವಾ ಕತ್ತರಿಸುವ ಕೆಲಸ ಸಲ್ಲದು. ಸತು ಲೇಪಿಸಿದ ತಗಡನ್ನು ಬೆಸೆಯುವಾಗ ಏಳುವ ಹೊಗೆ ಜ್ವರ ಮತ್ತು ನಡುಕವನ್ನು ಉಂಟುಮಾಡುತ್ತದೆ. ಹಳೆಯ ಬ್ರೇಕಿನ ಲೈನಿಂಗುಗಳಲ್ಲಿ ಕಲ್ನಾರು, ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆಯಿರುವುದರಿಂದ ಅವನ್ನು ಒಣಗಿದ ಸ್ಥಿತಿಯಲ್ಲಿ ಉಜ್ಜಬಾರದು, ಗಾಳಿ ಊದಿ ಶುಚಿಗೊಳಿಸಬಾರದು.

ತಯಾರಕರಿಂದ ನಡೆದ ಚಾಸಿ ಬದಲಾವಣೆ

ಚಾಸಿಯ ತುಕ್ಕು ಹವ್ಯಾಸಿಗಳ ಸಮಸ್ಯೆ ಮಾತ್ರವಲ್ಲ. ಟೊಯೋಟಾ ಸಂಸ್ಥೆಯು 1995ರಿಂದ 2000ದವರೆಗಿನ ಟಕೋಮಾ ಪಿಕಪ್‌ಗಳ ಚಾಸಿಯ ತುಕ್ಕಿಗೆ ಸಂಬಂಧಿಸಿ 2008ರಲ್ಲಿ ಅಮೆರಿಕದಲ್ಲಿ ಖಾತರಿಯ ಅವಧಿಯನ್ನು 15 ವರ್ಷಗಳಿಗೆ ವಿಸ್ತರಿಸಿತು ಹಾಗೂ ತೀವ್ರವಾಗಿ ಹಾಳಾದ ವಾಹನಗಳನ್ನು ಮರಳಿ ಕೊಂಡಿತು. ನಂತರದ ಟಕೋಮಾ, ಟಂಡ್ರಾ ಮತ್ತು ಸಿಕ್ವೊಯ ಮಾದರಿಗಳ ಕುರಿತ ಸಾಮೂಹಿಕ ಮೊಕದ್ದಮೆಯಲ್ಲಿ 2016ರಲ್ಲಿ ರಾಜಿಯಾಯಿತು. ಸುಮಾರು 15 ಲಕ್ಷ ವಾಹನಗಳನ್ನು ಒಳಗೊಂಡ, 340 ಕೋಟಿ ಡಾಲರುಗಳವರೆಗಿನ ಮೌಲ್ಯದ ಈ ರಾಜಿಯ ಪ್ರಕಾರ ಚಾಸಿಗಳನ್ನು ಪರೀಕ್ಷಿಸಿ, ಅಗತ್ಯವಿದ್ದರೆ ಹೊಸ ಚಾಸಿ ಹಾಕಿಕೊಡಲು ಸಂಸ್ಥೆ ಒಪ್ಪಿತು. ತಪ್ಪನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ.

ಕಾನೂನು ಮತ್ತು ವಾಹನದ ಗುರುತು

ಅಮೆರಿಕದಲ್ಲಿ 17 ಅಕ್ಷರಾಂಕಗಳ ಏಕರೂಪದ ವಾಹನ ಗುರುತು ಸಂಖ್ಯೆ 1981ರ ಮಾದರಿ ವರ್ಷದಿಂದ ಜಾರಿಗೆ ಬಂದಿತು. ಅದಕ್ಕೂ ಹಿಂದೆ ಪ್ರತಿ ತಯಾರಕರದೂ ಬೇರೆ ಪದ್ಧತಿ. ಅಡ್ವಾನ್ಸ್ ಡಿಸೈನ್ ಟ್ರಕ್ಕುಗಳಲ್ಲಿ ಸಂಖ್ಯೆಯ ಫಲಕವನ್ನು ಕ್ಯಾಬಿನ ಬಾಗಿಲಿನ ಕಂಬಕ್ಕೆ ಹಚ್ಚಲಾಗಿತ್ತು. ದಾನಿ ಚಾಸಿಯ ಮೇಲೆ ಅದರದೇ ಸಂಖ್ಯೆ ಇರುವುದರಿಂದ, ಬದಲಾವಣೆಯ ನಂತರ ಒಂದೇ ವಾಹನದಲ್ಲಿ ಎರಡು ಗುರುತುಗಳು ಉಳಿಯುತ್ತವೆ. ಯಾವುದನ್ನು ನೋಂದಾಯಿಸಬೇಕೆಂಬ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಗುರುತು ಸಂಖ್ಯೆಯನ್ನು ಅಳಿಸುವುದು ಅಥವಾ ತಿದ್ದುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ದುರಸ್ತಿಗೆ ಅನಿವಾರ್ಯವಾದಾಗ ಫಲಕ ತೆಗೆಯುವುದಕ್ಕೆ ಅದರಲ್ಲಿ ವಿನಾಯಿತಿಯಿದೆ. ಕದ್ದ ವಾಹನಗಳ ಗುರುತು ಬದಲಿಸುವುದನ್ನು ತಡೆಯುವುದು ಇದರ ಉದ್ದೇಶ.

ಆದರೆ ಇದು ಪ್ರಾಮಾಣಿಕ ಮಾಲೀಕರನ್ನೂ ಸಿಲುಕಿಸಬಹುದು ಎಂಬುದನ್ನು ಕಾನ್ಸಾಸ್ ರಾಜ್ಯದ ಪ್ರಕರಣವೊಂದು ತೋರಿಸಿತು. 1959ರ ಕಾರ್ವೆಟ್ ಕಾರೊಂದನ್ನು ಅದರ ಖರೀದಿದಾರರು 2017ರಲ್ಲಿ ನೋಂದಣಿಗೆ ತಂದಾಗ, ಹಿಂದಿನ ಪುನರುಜ್ಜೀವನದ ವೇಳೆ ಸಂಖ್ಯೆಯ ಫಲಕವನ್ನು ತೆಗೆದು ಮರಳಿ ಹಚ್ಚಲಾಗಿದೆ ಎಂಬ ಕಾರಣಕ್ಕೆ ಅಧಿಕಾರಿಗಳು ಕಾರನ್ನು ಜಪ್ತಿ ಮಾಡಿದರು. 2022ರಲ್ಲಿ ರಾಜ್ಯವು ಕಾನೂನಿಗೆ ತಿದ್ದುಪಡಿ ತಂದು, ಪುನರುಜ್ಜೀವನಕ್ಕಾಗಿ ಫಲಕ ತೆಗೆದು ಮರಳಿ ಹಚ್ಚುವುದಕ್ಕೆ ಅವಕಾಶ ನೀಡಿತು. ಕಾರು ಕೊನೆಗೆ ಮಾಲೀಕರ ಕೈ ಸೇರಿತು.

ಬ್ರಿಟನ್ನಿನಲ್ಲಿ ಬದಲಾದ ವಾಹನಗಳ ಗುರುತನ್ನು ನಿರ್ಧರಿಸಲು ದೀರ್ಘಕಾಲ ಅಂಕ ಪದ್ಧತಿಯೊಂದು ಬಳಕೆಯಲ್ಲಿತ್ತು. ಅದರಲ್ಲಿ ಚಾಸಿಗೆ 5 ಅಂಕ, ಸಸ್ಪೆನ್ಷನ್, ಅಚ್ಚುಗಳು, ಗೇರ್‌ಬಾಕ್ಸ್ ಮತ್ತು ಸ್ಟೀರಿಂಗಿಗೆ ತಲಾ 2 ಅಂಕ, ಎಂಜಿನ್ನಿಗೆ 1 ಅಂಕ. ಹಳೆಯ ನೋಂದಣಿ ಸಂಖ್ಯೆ ಉಳಿಯಬೇಕಾದರೆ ಕನಿಷ್ಠ 8 ಅಂಕಗಳು ಬೇಕು. ಚಾಸಿಯು ಮೂಲದ್ದು ಅಥವಾ ಹೊಚ್ಚಹೊಸದಾಗಿರಬೇಕು. ದಾನಿ ವಾಹನದ ಬಳಸಿದ ಚಾಸಿ ಹಾಕಿದರೆ ಹಳೆಯ ಸಂಖ್ಯೆ ಕೈತಪ್ಪುತ್ತಿತ್ತು.

ಭಾರತದಲ್ಲಿ ನೋಂದಣಿ ಪತ್ರದಲ್ಲಿ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆ ಎರಡೂ ದಾಖಲಾಗುತ್ತವೆ. ಮೋಟಾರು ವಾಹನ ಕಾಯಿದೆ, 1988ರ 52ನೆಯ ವಿಧಿಯ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಮೂಲ ಲಕ್ಷಣ ಬದಲಾಗುವಂತೆ ರಚನೆಯನ್ನು ಬದಲಿಸುವುದನ್ನೇ ಈ ವಿಧಿ ಮಾರ್ಪಾಡು ಎನ್ನುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಲುವನ್ನು ಎತ್ತಿಹಿಡಿಯಿತು. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ಕುರಿತ ನಿಯಮಗಳನ್ನು ಸೇರಿಸಲಾಯಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ರೂಪದಲ್ಲೇ ಉಳಿಸಿಕೊಂಡ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಇದರ ವ್ಯಾಪ್ತಿಗೆ ಬರುತ್ತವೆ. ಇವುಗಳ ನೋಂದಣಿ ಸಂಖ್ಯೆಯಲ್ಲಿ ‘ವಿಎ’ ಅಕ್ಷರಗಳಿರುತ್ತವೆ. ಹೊಸ ನೋಂದಣಿ ಶುಲ್ಕ 20,000 ರೂಪಾಯಿ, ಮರುನೋಂದಣಿ ಶುಲ್ಕ 5,000 ರೂಪಾಯಿ. ಚಾಸಿ, ಹೊರಮೈ ಅಥವಾ ಎಂಜಿನ್ನಿನ ಗಣನೀಯ ಮಾರ್ಪಾಡು ವಾಹನವನ್ನು ಈ ವರ್ಗದಿಂದ ಹೊರಗಿಡುತ್ತದೆ. ಆದ್ದರಿಂದ ಕರ್ನಾಟಕವೂ ಸೇರಿದಂತೆ ಭಾರತದಲ್ಲಿ ಬೇರೆ ಮಾದರಿಯ ಚಾಸಿಯ ಮೇಲೆ ಕೂರಿಸಿದ ಹಳೆಯ ವಾಹನಕ್ಕೆ ವಿಂಟೇಜ್ ಮಾನ್ಯತೆ ದೊರೆಯುವುದಿಲ್ಲ.

ಪರ ಮತ್ತು ವಿರೋಧ

ಹಳೆಯ ವಾಹನಗಳ ಸಂರಕ್ಷಕರು ಈ ವಿಧಾನವನ್ನು ಪುನರುಜ್ಜೀವನ ಎಂದು ಕರೆಯಲು ಒಪ್ಪುವುದಿಲ್ಲ. 1966ರಲ್ಲಿ ಸ್ಥಾಪನೆಯಾದ ಪುರಾತನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ, ಐತಿಹಾಸಿಕ ವಾಹನವು ಕನಿಷ್ಠ 30 ವರ್ಷ ಹಳೆಯದಾಗಿದ್ದು ಚಾರಿತ್ರಿಕವಾಗಿ ಸರಿಯಾದ ಸ್ಥಿತಿಯಲ್ಲಿರಬೇಕು ಎನ್ನುತ್ತದೆ. ಅದು 2012ರಲ್ಲಿ ಅಂಗೀಕರಿಸಿದ ಟ್ಯುರಿನ್ ಸನ್ನದು, ಸಾಧ್ಯವಾದಷ್ಟು ಮೂಲ ಲೋಹವನ್ನೇ ಉಳಿಸಿಕೊಳ್ಳುವ ಸಂರಕ್ಷಣೆಗೆ ಆದ್ಯತೆ ನೀಡುತ್ತದೆ. ಈ ದೃಷ್ಟಿಯಲ್ಲಿ ಎಸ್-10 ಚಾಸಿಯ ಮೇಲೆ ಕುಳಿತ 1950ರ ಟ್ರಕ್ಕು, ಹಳೆಯ ಅಂಗಿ ತೊಟ್ಟ ಹೊಸ ವಾಹನ. ಆಗಿನ ಕಾಲದ ಗಟ್ಟಿ ಅಚ್ಚು, ಲೀಫ್ ಸ್ಪ್ರಿಂಗು, ಡ್ರಮ್ ಬ್ರೇಕುಗಳೂ ಚರಿತ್ರೆಯ ಭಾಗ. ಅವನ್ನು ಗುಜರಿಗೆ ಹಾಕಿದರೆ ಆ ಕಾಲದ ತಂತ್ರಜ್ಞಾನದ ಸಾಕ್ಷ್ಯವೇ ನಾಶವಾಗುತ್ತದೆ ಎಂಬುದು ಅವರ ವಾದ.

ಪರವಾಗಿರುವವರ ವಾದ ಬೇರೆ. ಚಾಸಿ ಸಂಪೂರ್ಣ ಹಾಳಾದ ಸಾಮಾನ್ಯ ಟ್ರಕ್ಕು ಸಂಗ್ರಹಾಲಯಕ್ಕೆ ಸೇರುವಂಥದ್ದಲ್ಲ. ಬದಲಾವಣೆ ಮಾಡದಿದ್ದರೆ ಅದರ ಕ್ಯಾಬ್ ಕೂಡ ಗುಜರಿ ಸೇರುತ್ತದೆ. ಇಂತಹ ಟ್ರಕ್ಕುಗಳು ಹಲವು ಕುಟುಂಬಗಳಲ್ಲಿ ಹೊಲದ ಕೆಲಸಕ್ಕೆ ಬಳಕೆಯಾಗಿ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಬಂದವು. ಅವನ್ನು ಇಂದಿನ ರಸ್ತೆಯಲ್ಲಿ ಸುರಕ್ಷಿತವಾಗಿ ಓಡಿಸಲು ಇರುವ ಕಡಿಮೆ ವೆಚ್ಚದ ದಾರಿ ಇದು ಎಂದು ಅವರು ಹೇಳುತ್ತಾರೆ.

ಎರಡೂ ಪಕ್ಷದವರು ಒಪ್ಪುವ ಅಂಶಗಳೂ ಇವೆ. ಅಪರೂಪದ ಅಥವಾ ಗಟ್ಟಿ ಚಾಸಿಯಿರುವ ವಾಹನವನ್ನು ಈ ಕೆಲಸಕ್ಕೆ ಬಳಸಬಾರದು. ತೆಗೆದ ಮೂಲ ಭಾಗಗಳನ್ನು ಎಸೆಯದೆ ಇಟ್ಟುಕೊಳ್ಳಬೇಕು. ಮಾಡಿದ ಬದಲಾವಣೆಗಳನ್ನು ಚಿತ್ರ ಮತ್ತು ಅಳತೆಗಳೊಂದಿಗೆ ದಾಖಲಿಸಿ, ವಾಹನ ಮಾರುವಾಗ ಕೊಳ್ಳುವವರಿಗೆ ತಿಳಿಸಬೇಕು. ಬಿಚ್ಚುವ ಕೆಲಸ ಕೆಲವೇ ದಿನಗಳಲ್ಲಿ ಮುಗಿದರೂ ಜೋಡಿಸುವ ಕೆಲಸ ವರ್ಷಗಟ್ಟಲೆ ಹಿಡಿಯಬಹುದು. ಅರ್ಧಕ್ಕೆ ನಿಂತ ಕೆಲಸದಲ್ಲಿ ಒಂದರ ಬದಲು ಎರಡು ವಾಹನಗಳು ಗುಜರಿಗೆ ಸೇರುತ್ತವೆ. ಆದ್ದರಿಂದ ಮೊದಲ ಬೋಲ್ಟನ್ನು ಬಿಚ್ಚುವ ಮುನ್ನವೇ ಅಳತೆ, ನೋಂದಣಿಯ ನಿಯಮ ಮತ್ತು ವೆಚ್ಚ ಮೂರನ್ನೂ ಖಚಿತಪಡಿಸಿಕೊಳ್ಳುವುದು ಅಗತ್ಯವೆಂದು ಪರಿಗಣಿಸಲಾಗಿದೆ.